ಮರಕುಟಿಗನ ಮೂರು ಪ್ರಶ್ನೆ

"ಮತ್ತೆ ಶುರುವಾಯಿತಾ ನನ್ನ ಬಾಲ ಎಳೆಯುವ ನಿನ್ನ ಕೆಲಸ? ದೊಡ್ಡವರು ಮಾತಾಡುವಾಗ ಎಷ್ಟು ಸಲ ಮಧ್ಯೆ ಬಾಯಿ ಹಾಕುತ್ತೀಯೇ?" ಅಳಿಲು ಸಿಂಗಾರಿ ಮಗಳು ಚಿಟ್ಟಿಯನ್ನು ಗದರಿದಳು.

ಮಕ್ಕಳೇ, ಇದು ನಡೆದದ್ದು ಕಾಡಿನ ಹಳ್ಳದ ದಡದಲ್ಲಿದ್ದ ಹುಣಸೆಮರದಲ್ಲಿ. ಮಳೆಗಾಲ ಹತ್ತಿರ ಬಂದಿತ್ತು. ಕೂಡಿಟ್ಟ ಬೀಜವನ್ನು ಎಲ್ಲೆಲ್ಲಿ ಇಡಬೇಕೆಂದು ಎಲ್ಲರೂ ಮರಕುಟಿಗನನ್ನು ಕೇಳುತ್ತಿದ್ದರು. ಮೊದಲು ಈ ಸಲಹೆ ಕೊಡುತ್ತಿದ್ದವನು ಕೋತಿ ಮಾವ. ಅರ್ಧ ದಿನ ಮಾತಾಡಿ, ಅರ್ಧ ಬೀಜ ತಿಂದು, "ನಾಳೆ ಬಾ" ಅನ್ನುತ್ತಿದ್ದ. ಮರಕುಟಿಗ ಹಾಗಲ್ಲ. ಯಾರೇ ಬಂದರೂ ಅವೇ ಮೂರು ಪ್ರಶ್ನೆ, ಮೂರು ಸಲ ಟಕ್ ಟಕ್, ಕೂಲಿ ಒಂದೇ ಒಂದು ಗೆದ್ದಲು.

"ವಯಸ್ಸು?" ತೊಗಟೆಯಿಂದ ಮುಖ ತಿರುಗಿಸದೆ ಮರಕುಟಿಗ ಸಿಂಗಾರಿಯನ್ನು ಕೇಳಿದ.

"ಎರಡು ಮಳೆಗಾಲ ಕಂಡಿದ್ದೇನೆ."

"ಎಷ್ಟು ದೂರ ಜಿಗಿಯುತ್ತೀಯ?"

"ಈ ಹಳ್ಳ ನನಗೆ ಒಂದೇ ನೆಗೆತ."

"ಎಷ್ಟು ದಿನ ಹಸಿವು ತಡೆಯುತ್ತೀಯ?"

"ಎರಡು ದಿನ ಆರಾಮಾಗಿ."

"ಅಮ್ಮಾ, ಆದರೆ ನಾನು..." ಅಂದಳು ಚಿಟ್ಟಿ.

"ಬಾಯಿ ಮುಚ್ಚೇ."

ಟಕ್ ಟಕ್ ಟಕ್. "ಹತ್ತರಲ್ಲಿ ಒಂದು ಪಾಲು ನಿನ್ನ ಪೊಟರೆಯಲ್ಲಿಡು. ಉಳಿದದ್ದು ಆಚೆ ದಡದ ಮೂರು ಬಂಡೆಸಂದಿಗಳಲ್ಲಿ. ಮುಂದಿನವರು ಬನ್ನಿ."

ಸಲಹೆ ಕೆಟ್ಟದ್ದೇನಲ್ಲ. ಮಳೆ ಬಂದಾಗ ಈಚೆ ದಡದ ಬಿಲಗಳಿಗೆ ನೀರು ನುಗ್ಗಿ, ಹೆಗ್ಗಣದ ಕಾಳೆಲ್ಲ ಮೊಳಕೆಯೊಡೆಯಿತು. ಸಿಂಗಾರಿಯ ಒಂದು ಸಂದಿಗೆ ಇರುವೆ ಬಿದ್ದರೂ ಇನ್ನೆರಡು ಭದ್ರವಾಗಿದ್ದವು. ಅವಳು ಬಾಲ ಎತ್ತಿಕೊಂಡು ಓಡಾಡಿದ್ದೇ ಓಡಾಡಿದ್ದು.

ಪೊಟರೆಯ ಬೀಜ ಮುಗಿದ ದಿನ ಅವಳು ಆಚೆ ದಡಕ್ಕೆ ಹೋದಳು. ಅಷ್ಟರಲ್ಲಿ ಮಳೆ ಸುರಿಯಿತು. ಹಳ್ಳ ಎರಡರಷ್ಟು ಅಗಲವಾಯಿತು. ನೆಗೆಯಲು ಆಗಲಿಲ್ಲ. ಈಚೆಗೆ ಮಗಳು, ಆಚೆಗೆ ಬೀಜದ ರಾಶಿ. ಎರಡು ದಿನ ಸಿಂಗಾರಿ ಬೀಜವನ್ನು ಕೈಯಲ್ಲಿ ಹಿಡಿದು ಕೂತಳು. ಒಂದನ್ನೂ ಕಚ್ಚಲಿಲ್ಲ.

ಮೂರನೆಯ ದಿನ ನೀರಿಳಿದ ಕೂಡಲೇ ಓಡಿ ಬಂದಳು. ಪೊಟರೆಯಲ್ಲಿ ಪಕ್ಕದ ಕೊಂಬೆಯ ಗೊರವಂಕ ಅತ್ತೆ ಕೂತಿದ್ದಳು. ಅವಳ ರೆಕ್ಕೆಯಡಿ ಚಿಟ್ಟಿ ನಿದ್ದೆ ಮಾಡುತ್ತಿದ್ದಳು. ಬಾಯಿಗೆಲ್ಲ ಅತ್ತಿಹಣ್ಣು ಮೆತ್ತಿತ್ತು.

"ಮಗು ಅಳುವುದು ಕೇಳಿಸಿತು, ಬಂದೆ. ಮರಕುಟಿಗ ಇರುವಾಗ ನನ್ನ ಸಲಹೆ ನಿನಗೆಲ್ಲಿ ಬೇಕಿತ್ತು ಬಿಡು," ಅಂದಳು ಅತ್ತೆ.

ಸಿಂಗಾರಿ ಮರಕುಟಿಗನ ಬಳಿ ಜಗಳಕ್ಕೇ ಹೋದಳು. "ನನಗೊಂದು ಮಗುವಿದೆ ಅನ್ನುವುದನ್ನೇ ನೀನು ಕೇಳಲಿಲ್ಲವಲ್ಲೋ?"

ಅವನು ತಿರುಗಿಯೂ ನೋಡದೆ ಅಂದ, "ನೀನು ಹೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟೆ. ಹೇಳದೇ ಇದ್ದದ್ದು ನನಗೆ ಹೇಗೆ ಗೊತ್ತಾಗಬೇಕು?"

ಅದು ಸುಳ್ಳಲ್ಲ. ಸಿಂಗಾರಿ ವಾಪಸು ಬಂದು, ಅರ್ಧ ಬೀಜವನ್ನು ಒಂದೊಂದಾಗಿ ಪೊಟರೆಗೆ ತಂದಳು. ಇನ್ನರ್ಧವನ್ನು ಬಂಡೆಸಂದಿಯಲ್ಲೇ ಬಿಟ್ಟಳು.

ಚಿಟ್ಟಿ ಮೆಲ್ಲಗೆ ಅವಳ ಬಾಲ ಹಿಡಿದಳು. "ಅಮ್ಮಾ, ನನಗೆ ಹಳ್ಳ ಜಿಗಿಯಲು ಬರುವುದಿಲ್ಲ ಅಂತ ಅವತ್ತೇ ಹೇಳಲು ಬಂದಿದ್ದೆ. ನೀನು ಯಾಕೆ ಕೇಳಿಸಿಕೊಳ್ಳಲಿಲ್ಲ?"

ಇಡೀ ಕಾಡಿಗೆ ಬಾಯಿಜೋರಿನ ಸಿಂಗಾರಿ ಮಗಳನ್ನು ಬಾಲದೊಳಗೆ ಸುತ್ತಿಕೊಂಡು ಕೂತಳು.

ನೀತಿ: ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುವ ಸಲಹೆ ಅಗ್ಗ, ಎಷ್ಟೋ ಸಲ ಸರಿಯೂ ಹೌದು, ಆದರೆ ನಮ್ಮನ್ನು ನಂಬಿಕೊಂಡವರು ಯಾರು ಎಂಬುದನ್ನು ನಾವೇ ನೆನಪಿಟ್ಟು ಹೇಳಬೇಕು.