ಸ್ಪ್ಯಾನರ್ ನಡೆಸಿದ ವಿಚಾರಣೆ

ಲಾರಿಯ ಡೈನಮೋ ಬಿಗಿಯುವಾಗ ಮೆಕ್ಯಾನಿಕ್ ಇಮಾಮಸಾಬರ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ, ಕರೆಂಟಿನ ತಂತಿಗೂ ಲಾರಿಯ ಕಬ್ಬಿಣಕ್ಕೂ ಅಡ್ಡಬಿತ್ತು. ಟಪ್ಪೆಂದು ಕಿಡಿ ಹಾರಿತು. ಆಮೇಲೆ ಇಂಜಿನ್ ಓಡಿದರೂ ಬ್ಯಾಟರಿ ಚಾರ್ಜ್ ಆಗಲಿಲ್ಲ.

"ಸಂಜೀ ಒಳಗ ಈ ಟೊಮೆಟೊ ಹೊಸಪೇಟಿ ಮುಟ್ಟಬೇಕ್ರೀ, ಸಾಬ್ರ!" ಎಂದು ಚಾಲಕ ಭರಮಪ್ಪ ಗೋಳಾಡಿದ. ಇಮಾಮಸಾಬರು ಅದೇ ಸ್ಪ್ಯಾನರ್ ಹಿಡಿದು ದೋಷ ಹುಡುಕತೊಡಗಿದರು. ಸ್ಪ್ಯಾನರ್ ತಾನೇ ನ್ಯಾಯಾಧೀಶನೆಂದು ಬಗೆಯಿತು.

"ಡೈನಮೋ, ಕರೆಂಟು ಏಕೆ ಕೊಡುತ್ತಿಲ್ಲ?"

"ಕೊಡುತ್ತಲೇ ಇದ್ದೇನೆ, ಮಹಾಸ್ವಾಮಿ. ಒಯ್ಯುವವರಿಲ್ಲ."

"ಬ್ಯಾಟರಿ, ನೀನೇಕೆ ತೆಗೆದುಕೊಳ್ಳುತ್ತಿಲ್ಲ?"

"ನನ್ನವರೆಗೆ ಬಂದರೆ ತಾನೇ, ಮಹಾಸ್ವಾಮಿ?"

ಇಬ್ಬರ ನಡುವಿನ ತಂತಿಯಲ್ಲಿ ಸುಟ್ಟ ಫ್ಯೂಸ್ ಸಿಕ್ಕಿತು.

"ಕೆಲಸದ ವೇಳೆಯಲ್ಲೇ ಸುಟ್ಟುಕೊಂಡಿದ್ದೀಯಲ್ಲ, ನಾಚಿಕೆಯಿಲ್ಲವೇ?" ಎಂದು ಸ್ಪ್ಯಾನರ್ ಗದರಿತು.

"ತಾವು ಜಾರಿದಾಗ ನಾನು ಸುಡದಿದ್ದರೆ ಲಾರಿಯೇ ಸುಡುತ್ತಿತ್ತು," ಎಂದಿತು ಫ್ಯೂಸ್.

"ನನ್ನ ವಿಷಯ ಇಲ್ಲಿ ಬೇಡ. ಇದು ಕರ್ತವ್ಯಲೋಪ!"

ಇಮಾಮಸಾಬರು ಸುಟ್ಟ ಫ್ಯೂಸನ್ನು ಬಿಸಾಡಿ ಹೊಸದನ್ನು ಹಾಕಿದರು. ಬ್ಯಾಟರಿ ಚಾರ್ಜ್ ಆಗತೊಡಗಿತು. ಭರಮಪ್ಪ ಹಿಗ್ಗಿದ. ಸ್ಪ್ಯಾನರ್ ಹೊಸ ಫ್ಯೂಸಿಗೆ, "ಆ ಹಳೆಯವನಂತೆ ಸುಟ್ಟುಕೊಂಡೀಯೆ, ಎಚ್ಚರ!" ಎಂದು ಬುದ್ಧಿ ಹೇಳಿತು.

"ಅಪ್ಪಣೆ, ಮಹಾಸ್ವಾಮಿ. ಇನ್ನೊಮ್ಮೆ ಕಿಡಿ ಹಾರಿದರೆ ಲಾರಿಯೇ ಸುಡಲಿ, ನಾನು ಮಾತ್ರ ಸುಡುವುದಿಲ್ಲ," ಎಂದು ಹೊಸ ಫ್ಯೂಸ್ ವಿನಯದಿಂದ ಮಾತು ಕೊಟ್ಟಿತು.