ಬೇವಿನ ಬಾಗಿಲು

"ಗುರುಗಳೇ, ಕೆರೆಯಾಚೆಯ ಕೇರಿಗೂ ಜೋಳಿಗೆ ಹಿಡಿದು ಹೋಗಬೇಕೇ?" ಎಂದು ಅಡವಯ್ಯ ಕೇಳಿದ.

ಮಠದ ಪಾಠಶಾಲೆಗೆ ವಿದ್ಯಾರ್ಥಿಗಳು ಹೆಚ್ಚಿದ್ದರು. ಹಳೆಯ ಕಟ್ಟಡದ ಛಾವಣಿ ಕುಸಿಯತೊಡಗಿತ್ತು. ಮಳೆಗಾಲದೊಳಗೆ ಅದನ್ನು ಸರಿಪಡಿಸದಿದ್ದರೆ ಅರ್ಧ ಮಕ್ಕಳನ್ನು ಮನೆಗೆ ಕಳಿಸಬೇಕು. ಮನೆಮನೆಗೆ ಹೋಗಿ ಬೇಡುವ ಕೆಲಸ ಅಡವಯ್ಯನ ಪಾಲಿಗೆ ಬಂದಿತ್ತು. ಒಳಗಿನಿಂದ ಅಗಳಿ ಹಾಕಿದ ಮಠದ ಹಳೆಯ ಬಾಗಿಲಿಗೆ ಒರಗಿ ಕುಳಿತಿದ್ದ ಅವನು ಅಳುಕುತ್ತ ಹೇಳಿದ: "ಅವರಿಂದ ಈಸಿಕೊಂಡರೆ ನಾಳೆ ಅವರ ಮಕ್ಕಳನ್ನೂ ಸೇರಿಸಿಕೊಳ್ಳಿ ಅನ್ನುತ್ತಾರೆ. ಊರಿನವರು ಒಪ್ಪುವುದಿಲ್ಲ."

ಗುರುಗಳು ಒಂದು ಕತೆ ಹೇಳಿದರು.

ಬಹಳ ಹಿಂದೆ ಒಬ್ಬ ಜಂಗಮ ಮಠ ಕಟ್ಟಲು ಜೋಳಿಗೆ ಹಿಡಿದು ಹೊರಟ. ಗೌಡ ತೊಲೆ ಕೊಟ್ಟ. ವರ್ತಕ ಸುಣ್ಣ ಕೊಟ್ಟ. ತಮ್ಮ ಹೆಸರನ್ನು ಯಾವ ಕಲ್ಲಿನ ಮೇಲೆ ಕೆತ್ತಬೇಕೆಂದು ಇಬ್ಬರೂ ತೋರಿಸಿಕೊಟ್ಟರು. ಊರ ಹೊರಗಿನ ಕೇರಿ ಬಂದಾಗ ಜಂಗಮ ಜೋಳಿಗೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಬಿರಬಿರನೆ ನಡೆದ. ಹಿಂದಿನಿಂದ ಯಾರೋ ಕೂಗಿದರು. ಕೇಳಿಸಿತು, ಆದರೂ ತಿರುಗಲಿಲ್ಲ.

ನಡುಮಧ್ಯಾಹ್ನ ಹಳ್ಳದ ದಂಡೆಯಲ್ಲಿ ಮಲಗಿದ. ನಿದ್ದೆಯಲ್ಲಿ ಮಠ ಎದ್ದು ನಿಂತಿತ್ತು. ಗೋಡೆಗಳು ಹಾಲಿನಂತೆ ಬೆಳ್ಳಗಿದ್ದವು. ಒಳಗೆ ಮಕ್ಕಳು ಪಾಠ ಒಪ್ಪಿಸುವ ದನಿ ತೇಲಿ ಬರುತ್ತಿತ್ತು. ಜಂಗಮ ಸುತ್ತು ಬಂದ. ಬಾಗಿಲಿರಲಿಲ್ಲ. ಮತ್ತೆ ಸುತ್ತು ಬಂದ. ಗೋಡೆ ಉದ್ದವಾಗುತ್ತ ಹೋಯಿತು, ದನಿ ದೂರವಾಗುತ್ತ ಹೋಯಿತು. ಬಿಸಿಲಿತ್ತು, ಆದರೆ ನೆಲದ ಮೇಲೆ ಅವನ ನೆರಳೇ ಬೀಳುತ್ತಿರಲಿಲ್ಲ. ಗೋಡೆಯ ಬುಡದಲ್ಲಿ ಒಬ್ಬ ಮುದುಕಿ ಕುಳಿತಿದ್ದಳು.

"ಅವ್ವಾ, ಬಾಗಿಲೆಲ್ಲಿ?"

"ಬಾಗಿಲಾ ಒಯ್ಯಿ ಅಂತ ಕೂಗಿದ್ನಲ್ಲೋ ಅಯ್ಯಾ. ನೀ ಎಲ್ಲಿ ನಿಂತಿ?"

ಜಂಗಮನಿಗೆ ಎಚ್ಚರವಾಯಿತು. ಬಂದ ದಾರಿಯಲ್ಲೇ ಓಡಿದ. ಕೇರಿಯ ನಡುವೆ ಕಡಿದ ಬೇವಿನ ಬೊಡ್ಡೆಯಿತ್ತು. ಹೊಸ ಬಾಗಿಲೊಂದು ಗೋಡೆಗೆ ಒರಗಿತ್ತು. ಕನಸಿನಲ್ಲಿ ಕಂಡ ಅದೇ ಮುದುಕಿ ಸುಡುಬಿಸಿಲಿನಲ್ಲಿ ಕುಳಿತಿದ್ದಳು.

"ಕೇರಿಗಿದ್ದ ಒಂದೇ ನೆರಳನ್ನು ಕಡಿದುಬಿಟ್ಟಿರಲ್ಲ, ಅವ್ವಾ!"

"ನಮ್ಮ ಮಕ್ಕಳಿಗೆ ಇನ್ನ ನಿಮ್ಮ ಮಠದಾಗ ನೆರಳು ಸಿಗ್ತದಲ್ಲ, ಅಯ್ಯನವರ. ಕಂಕುಳಾಗಿನ ಜೋಳಿಗಿ ತಗೀರಿ. ಬಾಗಿಲಾ ಅದರಾಗ ಹಿಡಸೂದಿಲ್ಲ, ನಮ್ಮ ಮಾತರೆ ಹಿಡಸ್ತದ."

ಜಂಗಮ ಜೋಳಿಗೆಯ ಬಾಯಿ ತೆರೆದು ಹಿಡಿದ. "ನಿಮ್ಮ ಮಕ್ಕಳು ಈ ಬಾಗಿಲಿನಿಂದಲೇ ಒಳಗೆ ಬರುತ್ತಾರೆ" ಎಂದು ಮಾತು ಕೊಟ್ಟ. ಕೇರಿಯವರು ಬಾಗಿಲನ್ನು ತಲೆಯ ಮೇಲೆ ಹೊತ್ತು ತಂದು ಮಠದ ಅಂಗಳದಲ್ಲಿ ಇಳಿಸಿದರು. ತಮ್ಮ ಹೆಸರು ಕೆತ್ತಿರೆಂದು ಒಬ್ಬರೂ ಕೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯ ಕನಸಿನಿಂದ ಎದ್ದವನಂತೆ ನೋಡಿದ.

"ಆ ಮಕ್ಕಳು ಒಳಗೆ ಬಂದರೇ, ಗುರುಗಳೇ?"

"ಆ ಬಾಗಿಲಿನ ಅಗಳಿ ನಿನ್ನ ಬೆನ್ನಿಗೇ ಒತ್ತುತ್ತಿದೆ, ತೆಗೆದು ನೋಡು."