ಪಕ್ಕಕ್ಕೆ ಚಾಚಿದ ತುತ್ತು

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗೇ ಇನ್ನೂ ಹಲ್ಲು ಬರದ ಕಾಲ ಅಂತಿಟ್ಕೊ, ಹೊಳೆ ಪಕ್ಕದ ದಿಬ್ಬದ ಮೇಲೆ ಹರಿಗೋಲು ಹಾಕೋ ನಿಂಗಾಜಮ್ಮ ಅಂತ ಒಬ್ಳಿದ್ಲಂತೆ. ಒಂದ್ಸಲ ಹೊಳೆ ಉಕ್ಕಿ ಊರೂರೇ ಕೊಚ್ಕೊಂಡು ಹೋಗಿ, ಜನ ದಿಕ್ಕಾಪಾಲಾದ್ರಂತೆ. ಮರದ ಮೇಲೆ, ಹುಲ್ಲುಮೆದೆ ಮೇಲೆ ಸಿಕ್ಕಿದ ಮಕ್ಕಳನ್ನೆಲ್ಲ ನಿಂಗಾಜಮ್ಮ ತಂದು ಗುಡಿಸಲಲ್ಲಿಟ್ಕೊಂಡ್ಲಂತೆ. ಅದರಲ್ಲೊಂದು ಹೆಣ್ಣುಕೂಸು, ಹೆಸರು ಹೇಳೋಕೂ ಬಾರದು. ಉಣ್ಣೋಕೆ ಕೂತ್ರೆ ಮೊದಲು ರೊಟ್ಟಿ ಚೂರನ್ನ ಸಾರಲ್ಲಿ ನುಣ್ಣಗೆ ಹಿಸುಕಿ ಪಕ್ಕಕ್ಕೆ ಚಾಚೋದು, ಅಲ್ಲಿ ಯಾರೂ ಇಲ್ಲ, ಅಳೋದು. ನಿಂಗಾಜಮ್ಮ ನೋಡಿದ್ಲು, ಯಾರಿಗೂ ಹೇಳಲಿಲ್ಲ.

ಆಮೇಲೆ ನೀರಿಳಿದ ಮೇಲೆ ಒಬ್ಬ ಸಾಹುಕಾರ ಬಂದು, ಇದು ನಂದೇ ಕೂಸು ಅಂದ್ನಂತೆ. ಅವನಿಗೆ ಮನೆಗೆಲಸಕ್ಕೊಂದು ಬಿಟ್ಟಿ ಆಳು ಬೇಕಿತ್ತು, ಅಷ್ಟೇ. ಬೆಲ್ಲ ತೋರಿಸ್ದ, ಕೂಸು ಓಡಿಹೋಗಿ ತೊಡೆ ಮೇಲೆ ಕೂತ್ಕೊಂತು. ನೋಡು, ಗುರುತು ಹಿಡೀತು ಅಂದ. ಬೆಲ್ಲಕ್ಕೆ ಇರುವೇನೂ ಬರತ್ತೆ, ಮೊದ್ಲು ಊಟ ಮಾಡಿ ಅಂತ ನಿಂಗಾಜಮ್ಮ ಕೂಸಿನ ಪಕ್ಕ ಕೂರಿಸಿದ್ಲಂತೆ. ಕೂಸು ತುತ್ತು ಚಾಚಿದ್ರೆ, ಥೂ ಎಂಜಲು ಅಂತ ಕೈ ತಳ್ಳಿದ. ಎದ್ದು ಹೋಗಿ ಸ್ವಾಮಿ, ಇವು ಹೊಳೇಲಿ ತೇಲಿಬಂದ ಕುಂಬಳಕಾಯಲ್ಲ, ಸಿಕ್ಕಿದವರು ಎತ್ಕೊಂಡು ಹೋಗೋಕೆ ಅಂದ್ಲಂತೆ.

ಆಮೇಲೆ ಮಲ್ಲಾಜಮ್ಮ ಅನ್ನೋಳು ಬಂದ್ಲಂತೆ. ಅವಳ ಮಗು ಹೊಳೆ ಪಾಲಾಗಿತ್ತು. ನನ್ನ ಮಗೂನೇ ಅಂತ ಕೂಸನ್ನ ಎದೆಗವಚ್ಕೊಂಡ್ಲು. ಸುಳ್ಳಲ್ಲ, ಅವಳಿಗೆ ಹಂಗೇ ಕಾಣ್ತಿತ್ತು. ಕೂಸು ತುತ್ತು ಚಾಚಿದಾಗ, ನೀನೇ ತಿನ್ನು ಬಂಗಾರ ಅಂತ ಅದರ ಬಾಯಿಗೇ ಇಟ್ಲು. ಕೂಸು ಉಗುಳಿ ಅಳ್ತು, ಅವಳೂ ಅತ್ಲು. ಪಾಪ ಅನ್ಸತ್ತೆ, ಆದ್ರೆ ಪಾಪ ಅಂತ ಮಗು ಕೊಡೋಕಾಗಲ್ಲ. ಕಾಲು ಒದರಬೇಡ, ಕೇಳು.

ಆಮೇಲೆ ಒಬ್ಬ ಮುದುಕ ಕೋಲೂರ್ಕೊಂಡು ಬಂದ, ಬಾಯಲ್ಲಿ ಒಂದೂ ಹಲ್ಲಿಲ್ಲ. ನನ್ನ ಮೊಮ್ಮಗಳು ಇಲ್ಲಿದ್ದಾಳಾ ತಾಯಿ ಅಂದ. ಕೂಸು ಅವನ ಹತ್ರಾನೂ ಓಡ್ತು. ಬೆಲ್ಲದೋನ ಹತ್ರಾನೂ ಓಡಿತ್ತಲ್ಲ, ನಿಂಗಾಜಮ್ಮ ನಂಬಲಿಲ್ಲ, ಊಟಕ್ಕೆ ಕೂರಿಸಿದ್ಲು. ಕೂಸು ತುತ್ತು ಹಿಸುಕೋದೇ ತಡ, ಮುದುಕ ಬಾಯಿ ತೆರೆದ. ತುತ್ತಿಟ್ಟು ಕೂಸು ಕಿಲಕಿಲ ನಕ್ಕು ತನ್ನ ತಟ್ಟೆಗೆ ಕೈ ಹಾಕ್ತಂತೆ. ಅದರವ್ವ ಕಾಲು ಮುರಿದು ಆಚೆ ಗುಡ್ಡದಲ್ಲಿ ಮಲಗಿದ್ಲು. ನಿಂಗಾಜಮ್ಮ ತಾನೇ ಹುಟ್ಟು ಹಾಕಿ ಹೋಗಿ, ಮಡಿಲಿಗೆ ಒಪ್ಪಿಸಿ ಬಂದ್ಲಂತೆ.

ಬಂದ್ರೆ ಮಲ್ಲಾಜಮ್ಮ ಬಾಗಿಲಲ್ಲೇ ಕೂತಿದ್ಲು. ಏಳವ್ವ, ಒಳಗೆ ಮಕ್ಕಳು ಹಸಿದವೆ, ಅವುಗಳ ಕಡೆಯೋರು ಬರೋಗಂಟ ಉಣ್ಣಾಕಿಕ್ಕು ಅಂದ್ಲಂತೆ ನಿಂಗಾಜಮ್ಮ. ಇಕ್ಕಿದ್ಲು. ಒಬ್ಬೊಬ್ಬರ ಮನೆಯೋರು ಬಂದು ಕರ್ಕೊಂಡು ಹೋದ್ರು. ಒಬ್ಬ ಹುಡುಗಂಗೆ ಮಾತ್ರ ಸುಗ್ಗಿ ಬಂದ್ರೂ ಯಾರೂ ಬರಲಿಲ್ಲ, ಊರೂರಿಗೆ ಹೇಳಿ ಕಳಿಸಿದ್ರೂ ಬರಲಿಲ್ಲ. ಅವನು ಒಂದಿನ ಮಲ್ಲಾಜಮ್ಮನ ಸೆರಗು ಹಿಡ್ಕೊಂಡು, ನಾವು ಯಾವಾಗ ಮನೆಗೆ ಹೋಗೋದು ಅಂದ್ನಂತೆ. ಅವಳು ನಿಂಗಾಜಮ್ಮನ ಮುಖ ನೋಡಿದ್ಲು. ನಿಂಗಾಜಮ್ಮ ಬೇಡ ಅನ್ನಲಿಲ್ಲ. ಇವತ್ತೇ ಹೋಗಾಣ ನಡಿ ಮಗ ಅಂದ್ಲಂತೆ ಮಲ್ಲಾಜಮ್ಮ.

ಅವರು ಅವರ ಮನೆ ಸೇರಿದ್ರು, ಕತೆ ಇಲ್ಲಿಗಾಯ್ತು. ನೀನಿನ್ನು ಕಣ್ಮುಚ್ಚು.